ಜೇಬಿನ ಬಟ್ಟೆಯ ಪರದೆ

ದೂರದ ದೇಶದ ಗಾರ್ಮೆಂಟ್ ಹೆಂಗಸರ ಮುಷ್ಕರದ ಸಿನಿಮಾ ನೋಡಲೆಂದೇ ಮಡಕಶಿರದಿಂದ ರಾಯದುರ್ಗಕ್ಕೆ ಬಂದೆ. ಬಂದರೆ ಸಿನಿಮಾ ತೋರಿಸಬೇಕಿದ್ದ ಕಲ್ಯಾಣ ಮಂಟಪಕ್ಕೆ ಬೀಗ. ಇಂಥ ಸಿನಿಮಾ ಇಲ್ಲಿ ಬೇಡವೆಂದು ಮಾಲೀಕರು ಕೊನೆಗಳಿಗೆಯಲ್ಲಿ ತಗಾದೆ ತೆಗೆದಿದ್ದರು. ಪರದೆಯೂ ಒಳಗೇ ಉಳಿದಿತ್ತು.

ಎದುರು ಮನೆಯಲ್ಲಿ ಜೀನ್ಸ್ ಹೊಲಿಯುವ ಈರಮ್ಮ, ಜೇಬಿನ ಒಳಗೆ ಹಾಕುವ ಬಿಳಿ ಬಟ್ಟೆಯ ಥಾನು ಬಿಚ್ಚಿದರು. ಇನ್ನೊಂದು ಮಿಷನ್ನಿಗೆ ನಾನು ಕೂತೆ. ನನ್ನ ಓದು ಏಳನೇ ಕ್ಲಾಸಿಗೇ ನಿಂತಿದೆ. ಆದರೆ ನಾನು ಹಾಕಿದ ಹೊಲಿಗೆಯನ್ನು ಇದುವರೆಗೆ ಯಾರೂ ಬಿಚ್ಚಿಸಿಲ್ಲ.

ಸಿನಿಮಾ ತಂದಿದ್ದ ಬೆಂಗಳೂರಿನ ಮೇಷ್ಟ್ರು, "ನಡುವೆ ಹೊಲಿಗೆ ಕಾಣುತ್ತಲ್ಲಮ್ಮಾ" ಎಂದು ಪೇಚಾಡಿದರು.

"ಕಾಣ್ಲಿ ಬಿಡ್ರಿ ಸಾರ್. ಹೊಲಿಯೋರ ಸಿನಿಮಾ ಅಲ್ಲೇನ್ರಿ?" ಎಂದೆ ನಾನು.

ಬೀಗ ಹಾಕಿದ ಗೇಟಿಗೇ ಪರದೆ ಕಟ್ಟಿದೆವು. ಸಿನಿಮಾ ಶುರುವಾಗುತ್ತಲೇ ಮಾಲೀಕರು ಬಂದು ಪರದೆಯ ಎದುರಿಗೆ ನಿಂತು, "ಯಾರನ್ನ ಕೇಳಿ ಕಟ್ಟೀರಿ?" ಎಂದು ಗದರಿದರು.

ಈರಮ್ಮ ಕೂತಲ್ಲಿಂದಲೇ ಹೇಳಿದರು: "ಕುಂದರ್ರಿ ಸಾವ್ಕಾರ್ರೆ, ಹಿಂದಿನೋರಿಗೆ ಕಾಣವಲ್ದು."