ಡಿಸ್ಕಿಗೆ ನಾನೇ ಸವರಿದ ಕುಂಕುಮ

ರತ್ನಮ್ಮನವರೇ, ಆ ಹಾಡುಗಳು ಹಾಳಾದದ್ದು ನಿಮ್ಮ ಕುಂಕುಮದಿಂದಲ್ಲ. ಹಾಳು ಮಾಡಿದವನು ನಾನು, ಸುಳ್ಳು ಹೇಳಿದವನೂ ನಾನೇ — ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ವಾಕರಿಕೆ ಬರುತ್ತಿದೆ.

ಆರು ವರ್ಷ ನೀವು ವಿಜಯನಗರದ ನಮ್ಮ ಟ್ರಸ್ಟಿನ ಕಚೇರಿಯಲ್ಲಿ ಕೂತು, ಮುದುಕಿಯರು ಹಾಡಿದ್ದ ಸೋಬಾನೆ ಪದಗಳನ್ನು ಹಳೆಯ ಕ್ಯಾಸೆಟ್‌ಗಳಿಂದ ಕಂಪ್ಯೂಟರಿಗೆ ಏರಿಸಿದಿರಿ. ಬೂಷ್ಟು ಹಿಡಿದ ಕ್ಯಾಸೆಟ್‌ಗಳನ್ನು ಆಮೇಲೆ ಎಸೆದೆವು. ಎಲ್ಲವೂ ಇದ್ದದ್ದು ಕಂಪ್ಯೂಟರಿಗೆ ಜೋಡಿಸಿದ್ದ, ನಾನು ನೋಡಿಕೊಳ್ಳುತ್ತಿದ್ದ ಪೆಟ್ಟಿಗೆಯ ಐದು ಡಿಸ್ಕ್‌ಗಳಲ್ಲಿ. ಒಂದು ಕೆಟ್ಟರೂ ಉಳಿದ ನಾಲ್ಕು ಕಾಪಾಡುತ್ತವೆ, ಬೇರೆ ಪ್ರತಿ ಯಾಕೆ ಎಂದು ಜಂಬ ಕೊಚ್ಚಿದ್ದೆ.

ಆಯುಧಪೂಜೆ, ದಸರಾ ರಜೆ ಮುಗಿಸಿ ಬಂದ ದಿನ ಒಂದು ಕೆಟ್ಟಿತ್ತು. ಪರದೆಯ ಮೇಲೆ 'ಡಿಸ್ಕ್ 3' ಎಂದಿತ್ತು. ಆ ಪೆಟ್ಟಿಗೆ ಸೊನ್ನೆಯಿಂದ ಎಣಿಸುತ್ತದೆ, ಕೆಟ್ಟದ್ದು ನಾಲ್ಕನೆಯದು; ನಾನು ಒಂದರಿಂದ ಎಣಿಸಿ, ಚೆನ್ನಾಗಿದ್ದ ಮೂರನೆಯದನ್ನೇ ಹೊರಗೆಳೆದೆ. ಎರಡು ಹೋದ ಮೇಲೆ ಉಳಿದ ಮೂರರಿಂದ ಏನೂ ಆಗುವುದಿಲ್ಲ. ಗಾಬರಿಯಲ್ಲಿ ವಾಪಸ್ ತುರುಕಿದೆ. ಹೊಸದಾಗಿ ಶುರು ಮಾಡಲೇ, ಇದ್ದದ್ದೆಲ್ಲ ಅಳಿಯುತ್ತದೆ ಎಂದು ಪರದೆ ಕೇಳಿತು. ಓದದೆ ಹೂಂ ಎಂದು ಒತ್ತಿದೆ. ಓದದೆ? — ಇಲ್ಲ, ಓದಿದ್ದೆ. ಯೋಚಿಸಲು ಒಂದು ನಿಮಿಷ ನಿಲ್ಲಲಿಲ್ಲ.

ಕಾರ್ಯದರ್ಶಿಗಳು ಬರುವುದರೊಳಗೆ ನಾನು ಮಾಡಿದ್ದು... ಪೂಜೆಯ ದಿನ ನೀವು ಪೆಟ್ಟಿಗೆಗೆ ಇಟ್ಟಿದ್ದ ಕುಂಕುಮವನ್ನು ಉಗುರಿನಿಂದ ಕೆರೆದು, ಡಿಸ್ಕಿನ ಹಿಂಬದಿಗೆ ಸವರಿದೆ. ಥೂ, ಎಂಥ ಬೆರಳು ಇದು.

"ಕುಂಕುಮ ಒಳಗೆ ಹೋಗಿ ಕೆಟ್ಟಿದೆ ಸಾರ್," ಎಂದೆ.

ಅವರ ಹಿಂದೆಯೇ ಬಂದ ನೀವು ಅದನ್ನು ಕೇಳಿಸಿಕೊಂಡಿರಿ. "ಆರು ವರ್ಷದ ಕೆಲ್ಸ, ನನ್ ಕೈಯಾರೆ ಹಾಳ್ಮಾಡ್ಬುಟ್ನಲ್ಲಪ್ಪ," ಎಂದು ಅಲ್ಲೇ ಕುಸಿದು ಕೂತಿರಿ. ನೀರು ತಂದುಕೊಟ್ಟು, ಹೋಗಲಿ ಬಿಡಿ, ಗೊತ್ತಿಲ್ಲದೆ ಆದದ್ದು ಎಂದು ಸಮಾಧಾನ ಹೇಳಿದವನೂ ನಾನೇ! ಮರುವಾರ ನೀವು ಕೆಲಸ ಬಿಟ್ಟಿರಿ.

ಮೊನ್ನೆ ವಿದ್ಯಾರಣ್ಯಪುರಂನಲ್ಲಿ ತರಕಾರಿ ಗಾಡಿಯ ಹತ್ತಿರ ಸಿಕ್ಕಿದಾಗ, ಈಗ ಮನೆಯ ಮಿಕ್ಸಿಗೆ ಕುಂಕುಮ ಇಡುವುದನ್ನೂ ಬಿಟ್ಟಿದ್ದೇನೆ ಎಂದು ನನ್ನ ಹೆಂಡತಿಗೆ ಹೇಳಿದಿರಿ. "ಅಷ್ಟ್ ದೊಡ್ ತಪ್ ಮಾಡಿದ್ರೂ ನಿಮ್ಮೆಜಮಾನ್ರು ಒಂದ್ ಮಾತ್ ಅನ್ಲಿಲ್ಲ ಕಣಮ್ಮ." ನಾನು ದೊಡ್ಡ ಮನುಷ್ಯನ ಹಾಗೆ ನಕ್ಕೆ. ಆ ನಗು ನೆನೆದರೆ ಮೈಯೆಲ್ಲ ಹೇಸಿಗೆ ಮೆತ್ತಿದ ಹಾಗಾಗುತ್ತದೆ.

ಭಾನುವಾರ ಕಾರ್ಯದರ್ಶಿಗಳನ್ನು ಕರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ಅವರ ಎದುರಿಗೇ ಎಲ್ಲ ಹೇಳುತ್ತೇನೆ. ಹಾಡುಗಳು ಮರಳಿ ಬರುವುದಿಲ್ಲ, ಹಾಡಿದವರಲ್ಲಿ ಯಾರೂ ಉಳಿದಿಲ್ಲ. ನೀವು ಬಯ್ಯಿರಿ, ಬಾಗಿಲು ಹಾಕಿಕೊಳ್ಳಿ. ಆದರೆ ನೀವು ಎಂಥವರೆಂದು ಗೊತ್ತಿರುವುದರಿಂದ ಇದೊಂದನ್ನು ಕೇಳುತ್ತೇನೆ — ನನ್ನನ್ನು ಸಮಾಧಾನ ಮಾಡಬೇಡಿ.