ಯಾವ ತಪ್ಪು, ಯಾವ ಸಾಲು?

ಚನ್ನಬಸಪ್ಪ ಸರ್ ಬೈಕಿನಿಂದ ಬಿದ್ದು ಬೆರಳು ಮುರಿದುಕೊಂಡರು ಎಂದು ಕೊಟ್ಟೂರಿನವರೆಲ್ಲ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೊಣಕಾಲು ತರಚದೆ, ಅಂಗಿ ಹರಿಯದೆ, ಬಲಗೈಯ ನಾಲ್ಕು ಬೆರಳನ್ನಷ್ಟೇ ಆರಿಸಿ ಮುರಿಯುವ ಬೈಕು ಯಾವುದು?

ಸರ್ ಸಾಧುವೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಸ್ ಸ್ಟ್ಯಾಂಡ್ ಹಿಂದಿನ ಅವರ ಕಂಪ್ಯೂಟರ್ ಕ್ಲಾಸಿನಲ್ಲಿ ಜಾವಾ ಪ್ರೋಗ್ರಾಮಿಂಗ್ ಕಲಿತವರ ಗೆಣ್ಣುಗಳಿಗೆ ಸ್ಟೀಲ್ ಸ್ಕೇಲಿನ ಪರಿಚಯವಿದೆ. ಪ್ರೋಗ್ರಾಮ್ ಮುಗ್ಗರಿಸಿದರೆ ತಪ್ಪನ್ನು ಹಿಡಿಯಲು 'ಕ್ಯಾಚ್' ಎಂಬ ಜಾಗವಿರುತ್ತದೆ. ಅಲ್ಲಿ ತಪ್ಪಿನ ವಿವರ, ಅದು ನಡೆದ ಸಾಲಿನ ಸಂಖ್ಯೆ ತೋರಿಸದೆ ಖಾಲಿ ಬಿಟ್ಟರೆ, ತಪ್ಪು ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ನಾನೊಮ್ಮೆ ಖಾಲಿ ಬಿಟ್ಟೆ. ಗೆಣ್ಣಿನ ರಕ್ತ ಕೀಬೋರ್ಡಿಗೆ ತೊಟ್ಟಿಕ್ಕಿತು.

"ಹೆಣ ಹುಗದು ಮ್ಯಾಲೆ ರಂಗೋಲಿ ಹಾಕ್ತೀಯೇನಲೇ? ಯಾವ ತಪ್ಪು, ಯಾವ ಸಾಲು? ಪರದಿ ಮ್ಯಾಲೆ ಬರ್ಲಿ!"

"ನೋಡಿದವ್ರು ನಗ್ತಾರ್ರಿ ಸರ್."

"ನಗ್ಲಿ. ನಕ್ಕಿದ್ದಕ್ಕ ಯಾರೂ ಸತ್ತಿಲ್ಲ." ಇನ್ನೊಂದು ಏಟು.

ಒಂದೇಟೂ ತಿನ್ನದವನು ನನ್ನ ಗೆಳೆಯ ಕೊಟ್ರೇಶಿ. ಲಾರಿ ತೂಗುವ ಕಾಟಾಕ್ಕೆ ಪ್ರೋಗ್ರಾಮ್ ಬರೆದುಕೊಟ್ಟಾಗ ಸರ್ ಅವನನ್ನೇ ಅಲ್ಲಿ ಕೆಲಸಕ್ಕೆ ಕೂರಿಸಿದರು. ಕಾಟಾದ ತಂತಿ ಆಗಾಗ ಸಡಿಲಾಗುತ್ತಿತ್ತು. ಆಗೆಲ್ಲ ರೈತರ ಕಡೆ ತಿರುಗಿದ ಪರದೆಯಲ್ಲಿ ಕೆಂಪಕ್ಷರ: 'ತೂಕ ಬಂದಿಲ್ಲ. ತಂತಿ ಸಡಿಲ. ಸಾಲು ೨೧೨.' ಮೆಕ್ಕೆಜೋಳ ತಂದವರು ಗಾಡಿ ತಿರುಗಿಸಿಕೊಂಡು ಹೋದರು.

"ಅದನ್ನ ಅಳಸ್ರಿ ಮಾಸ್ತರ, ಹಿಂದಿನ ತೂಕನಾ ನಿಂದರ್ಲಿ," ಎಂದನಂತೆ ಕಾಟಾದ ಸಾಹುಕಾರ.

"ಹಿರೇಹಡಗಲಿ ಟ್ರ್ಯಾಕ್ಟರ್ ತೂಕ ಹೊಸಹಳ್ಳಿ ಲಾರಿಗೆ ಹಾಕ್ಲೇನ್ರಿ? ತಂತಿ ಹಾಕಸ್ರಿ ಮೊದ್ಲು."

ಇದನ್ನು ನನಗೆ ನಕ್ಕು ನಕ್ಕು ಹೇಳಿದವನು ಕೊಟ್ರೇಶಿಯೇ. ಮರುದಿನ ಮಧ್ಯಾಹ್ನ ಅವನನ್ನು ಊಟಕ್ಕೆ ಕರೆಯಲು ಕಾಟಾಕ್ಕೆ ಹೋದರೆ ಪರದೆ ಪುಡಿಯಾಗಿತ್ತು. ಅವನು ಇಪ್ಪತ್ತು ಕೆಜಿಯ ತೂಕದ ಕಲ್ಲು ತೊಳೆಯುತ್ತಿದ್ದ. ನೀರು ಕೆಂಪಗಿತ್ತು. ತಲೆಯೆತ್ತದೆ ಅಂದ: "ಸರ್ ಬೈಕಿಂದ ಬಿದ್ರಂತ."

ಆಸ್ಪತ್ರೆಯಲ್ಲಿ ಸರ್ ಬೆರಳು ಜಜ್ಜಿ ಚಪ್ಪಟೆಯಾಗಿದ್ದವು. ಅವರ ಮಾತನ್ನೇ ಅವರಿಗೆ ತಿರುಗಿಸಿ ಕೇಳಿದೆ: "ಯಾವ ತಪ್ಪು, ಯಾವ ಸಾಲು? ಹೇಳ್ರಿ ಸರ್."

ಗೋಡೆಯ ಕಡೆ ಹೊರಳಿದರು. "ಮುಂಗೈ ಒತ್ತಿ ಹಿಡಕೊಂಡಾವನ ಕೈ ನಡುಗ್ತಿತ್ತಲೇ. ಸಣ್ಣಾವ ಅದಾನ. ಬಿಡು."

ಜೀವಮಾನದಲ್ಲಿ ಅವರು ಖಾಲಿ ಬಿಟ್ಟ ಕ್ಯಾಚ್ ಅದೊಂದೇ. ಪ್ಲಾಸ್ಟರ್ ಬಿಚ್ಚುವ ಮೊದಲೇ ಕ್ಲಾಸು ಮುಚ್ಚಿ ಊರು ಬಿಟ್ಟರು. ಮತ್ತೆ ನಾನವರನ್ನು ಕಂಡಿಲ್ಲ.

ಕಾಟಾದಲ್ಲಿ ಈಗ ಹೊಸ ಪರದೆಯಿದೆ. ತಂತಿ ಹಳೆಯದೇ. ಕೆಂಪಕ್ಷರ ಮಾತ್ರ ಬರುವುದಿಲ್ಲ. ತಂತಿ ಸಡಿಲಾದರೆ ಹಿಂದಿನ ಲಾರಿಯ ತೂಕವೇ ನಿಂತಿರುತ್ತದೆ. ಕೊಟ್ರೇಶಿ ಅದೇ ಕುರ್ಚಿಯಲ್ಲಿ ಕೂತು, ಕೇಳಿದವರಿಗೆಲ್ಲ ಬೈಕಿನ ಕಥೆ ಹೇಳುತ್ತಾನೆ. ಮೊನ್ನೆ ಅವನೆದುರು ನಿಂತು ಒಂದೇ ಮಾತು ಕೇಳಿದೆ:

"ಲೇ ಕೊಟ್ರೇಶಿ, ಸರ್ ಮುಂಗೈ ಹಿಡಕೊಂಡು ನಡುಗಿದ ಕೈ ಯಾರದಲೇ?"