ತೊಳೆದ ಹಲಗೆಗಳ ಪರೀಕ್ಷೆ

ತಬಾವಾಳ ಒಲೆ ಉರಿಯುವುದು ಗುರುಗಳಾದ ಮಾಲಂ ಗಂಬೊ ಅವರ ಕುರಾನ್ ಶಾಲೆಯ ಎದುರಿಗೆ, ಬೂರುಗದ ಮರದಡಿ. ನಮ್ಮ ಕತ್ಸಿನಾ ಸೀಮೆಯಲ್ಲಿ ಅಲಸಂದೆ ವಡೆ ಕರಿಯುವವರು ಸಾವಿರ ಮಂದಿ ಇದ್ದಾರು. ವಡೆಗೆ ಅಕ್ಷರ ಕೇಳುವವಳು ಇವಳೊಬ್ಬಳೇ. ಬೆಳಿಗ್ಗೆ ಬಟ್ಟಲು ಹಿಡಿದು ಭಿಕ್ಷೆಗೆ ಬರುವ ಆ ಶಾಲೆಯ ಹುಡುಗರ ಮುಂದೆ ಹಿಟ್ಟಿನ ಬೆರಳಲ್ಲಿ ಮಣೆಯ ಮೇಲೆ ಗೀಚಿ, "ಇದ್ಯಾವ ಅಕ್ಷರ, ಹೇಳ್ಲಾ!" ಅನ್ನುವಳು. ಹೇಳಿದವನಿಗೆ ಎರಡು ವಡೆ. ಹೇಳದವನಿಗೆ ಒಂದು ವಡೆ, ಒಂದು ಬೈಗುಳ.

ಗಂಡ ತೀರಿಕೊಂಡ ಮೇಲೆ ಹೆಂಗಸರ ಸಂಜೆ ಶಾಲೆಯಲ್ಲಿ ಕಲಿತ ಓದು ಅವಳದು. ಅಷ್ಟನ್ನೇ ಎರಡು ವರ್ಷ ಹಂಚಿದಳು. ಹನ್ನೊಂದು ಹುಡುಗರು ಓದು, ಲೆಕ್ಕ ಎರಡಕ್ಕೂ ಕುದುರಿದರು. ಆಮೇಲೆ ಹೋಗಿ ಮಾಲಂ ಮುಂದೆ ಕೂತಳು.

"ಮಾಲಂ, ಇವರನ್ನ ಬೊಕೊ ಶಾಲೆಗೆ ಕಳಿಸಿ. ಬೆಳಗಿನ ಕುರಾನ್ ಪಾಠ ತಪ್ಪಾಕಿಲ್ಲ."

ಬೊಕೊ ಅಂದರೆ ಸರ್ಕಾರಿ ಶಾಲೆಯ ಓದು. ಮಾಲಂ ಗಡ್ಡ ನೀವಿಕೊಂಡರು. "ಮೂರನೇ ತರಗತಿಗೆ ಸೇರಿಸ್ಕೊಂಡ್ರೆ ಕಳಿಸ್ತೀನಿ. ಮೀಸೆ ಚಿಗುರೋ ಹುಡುಗ್ರನ್ನ ಒಂದನೇ ತರಗತಿ ಕೂಸುಗಳ ಜೊತೆ ಕೂರಿಸಿ ನಗೆಪಾಟ್ಲು ಮಾಡಿದ್ರೆ, ಮತ್ತೆ ಒಬ್ಬನ್ನೂ ಕೇಳ್ಬೇಡ."

ಹೆಡ್‌ಮಾಸ್ಟರ್ ಸಮಾಯಿಲ ಪರೀಕ್ಷೆಗೆ ತಾವೇ ಬಂದರು. ಕಾಗದ ತಂದಿರಲಿಲ್ಲ. "ನಿಮ್ಮ ಹಲಗೆ ಮೇಲೇ ಬರೀರಿ" ಎಂದು ಹತ್ತು ಪದ, ಐದು ಲೆಕ್ಕ ಹೇಳಿದರು. ಹುಡುಗರು ಮರದ ಹಲಗೆ ತೊಡೆಗಾನಿಸಿ, ಜೊಂಡಿನ ಲೇಖನಿಯನ್ನು ಮಸಿಯಲ್ಲಿ ಅದ್ದಿ ಬರೆದರು. ಅಷ್ಟರಲ್ಲಿ ಮಾಲಂ ಕರೆದರೆಂದು ಹೆಡ್‌ಮಾಸ್ಟರು ಒಳಗೆ ಹೋಗಿ ಒಂದು ಲೋಟ ಪಾನಕ ಕುಡಿದು ಬಂದರು.

ಬಂದು ನೋಡಿದರೆ ಹನ್ನೊಂದು ಹಲಗೆಗಳೂ ಗೋಡೆಗೊರಗಿ ನೀರು ಸುರಿಸುತ್ತಿದ್ದವು. ಒಂದರಲ್ಲೂ ಚುಕ್ಕೆಯಿಲ್ಲ.

"ಯಾರ್ ತೊಳೆದದ್ದು?"

"ನಾವೇ" ಎಂದ ಇಲು ಎಂಬ ಹುಡುಗ. "ಬಾಯಿಗೆ ಬಂತಲ್ಲ ಸಾರ್."

ಕುರಾನ್ ಶಾಲೆಯ ಪದ್ಧತಿ ಅದು. ಪಾಠ ಬಾಯಿಗೆ ಬರುವವರೆಗೆ ಹಲಗೆ ತೊಳೆಯುವಂತಿಲ್ಲ, ಬಂದಮೇಲೆ ಇಟ್ಟುಕೊಳ್ಳುವಂತಿಲ್ಲ. ತಬಾವಾ ಬಾಣಲೆ ಬಿಟ್ಟು ಓಡಿಬಂದಳು.

"ಅಯ್ಯೋ ನನ್ನ ಕರ್ಮವೇ! ಅವರು ನೋಡಕ್ ಮುಂಚೆ ತೊಳೆಯೋದೇನ್ರೋ?"

"ನೋಡ್ಬೇಕು ಅಂತ ನೀನು ಹೇಳ್ಲಿಲ್ವಲ್ಲ, ಇನ್ನಾ!" ಹುಡುಗರು ಅವಳನ್ನು ಕರೆಯುವುದು ಇನ್ನಾ ಎಂದೇ, ತಾಯಿಯನ್ನು ಕರೆದಂತೆ.

ಹೆಡ್‌ಮಾಸ್ಟರು ನಕ್ಕರು. "ನೀರಿಗೆ ಅಂಕ ಕೊಡೋದು ಹೆಂಗಮ್ಮ? ಒಂದನೇ ತರಗತಿಗೇ ಕಳ್ಸು."

ಮಾಲಂ ಮುಖ ಕೆಂಪಾಯಿತು. ತಬಾವಾ ಸೆರಗಿಗೆ ಕೈ ಒರೆಸಿಕೊಂಡು ಅಡ್ಡ ನಿಂತಳು. "ಕೇಳಿ ನೋಡಿ ಸಾರ್. ಬರೆದದ್ದೆಲ್ಲ ಅವ್ರ ಹೊಟ್ಟೇಲದೆ."

"ಒಬ್ಬ ಹೇಳಿದ್ದನ್ನೇ ಎಲ್ರೂ ಗಿಣಿ ಹಂಗೆ ಒಪ್ಪಿಸ್ತಾರೆ."

"ಹಂಗಾದ್ರೆ ಮರದ ಆ ಕಡೆ ಒಬ್ಬೊಬ್ಬನ್ನೇ ಕರೆದು ಕೇಳಿ. ಕಿವಿಗೇನಾಗದೆ ನಿಮಗೆ?"

ಒಬ್ಬೊಬ್ಬನೇ ಹೋದ. ಆ ಮರದಡಿಯೇ ಸೈಕಲ್ ರಿಪೇರಿ ಮಾಡುವ ನಾನು ಟ್ಯೂಬಿಗೆ ತೇಪೆ ಹಾಕುತ್ತ ಎಲ್ಲ ಕೇಳಿಸಿಕೊಂಡೆ. ಪದ ಪದದ ಅಕ್ಷರಗಳನ್ನೂ ಬಿಡಿಸಿ ಹೇಳಿದರು. ಇಲು, "ಏಳೆಂಟ್ಲಿ ಐವತ್ನಾಲ್ಕು ಅಂತ ಬರೆದೆ ಸಾರ್. ತೊಳೆಯೋವಾಗ ನೆನಪಾಯ್ತು, ಐವತ್ತಾರು" ಎಂದ.

"ಮತ್ತೆ ಐವತ್ತಾರು ಅಂತ್ಲೇ ಹೇಳ್ಬಹುದಿತ್ತಲ್ಲೋ? ಹಲಗೆ ಖಾಲಿ. ನಂಗೇನ್ ಗೊತ್ತಾಗ್ತಿತ್ತು?"

"ಬರೆದದ್ದು ಐವತ್ನಾಲ್ಕು ಸಾರ್" ಎಂದ ಇಲು, ಇಷ್ಟೂ ತಿಳಿಯದೇ ಇವರಿಗೆ ಎಂಬಂತೆ.

ಇನ್ನೊಬ್ಬ ತಾನು ಕುದುರೆ ಎಂಬ ಪದದಲ್ಲಿ ಅಕ್ಷರ ನುಂಗಿದ್ದನ್ನು ಹೇಳಿದ. ಒಬ್ಬೊಬ್ಬನದು ಒಂದೊಂದು ತಪ್ಪು; ಗಿಣಿಪಾಠವಲ್ಲ. ಹೆಡ್‌ಮಾಸ್ಟರು ನಗು ಬಿಟ್ಟು ಜೇಬಿನಿಂದ ಪೆನ್ನು ತೆಗೆದರು. ಎಲ್ಲರದೂ ಮುಗಿಯುವ ಹೊತ್ತಿಗೆ ತಬಾವಾಳ ವಡೆ ಸೀದು ಇದ್ದಿಲಾಗಿದ್ದವು. ಅವಳು ಅತ್ತ ತಿರುಗಿಯೂ ನೋಡಲಿಲ್ಲ.

"ಹನ್ನೊಂದೂ ಮೂರನೇ ತರಗತಿಗೆ" ಎಂದರು ಹೆಡ್‌ಮಾಸ್ಟರು. "ಆದ್ರೆ ನನ್ನ ಶಾಲೇಲಿ ನಾನು ನೋಡೋ ಮುಂಚೆ ಯಾರೂ ಏನೂ ತೊಳೀಬಾರ್ದು!"

ಸೋಮವಾರ ಹುಡುಗರು ಹೊಸ ಶಾಲೆಗೆ ಸಾಲಾಗಿ ಹೊರಟರು. ಇಪ್ಪತ್ತು ಮಾರು ಹಿಂದೆ ಇಸ್ತ್ರಿ ಮಾಡಿದ ನಿಲುವಂಗಿ ತೊಟ್ಟು ಮಾಲಂ ಗಂಬೊ ನಡೆದಿದ್ದರು.

"ಎಲ್ಲಿಗೆ ಹೊಂಟ್ರಿ ಮಾಲಂ?" ತಬಾವಾ ಕೂಗಿದಳು.

"ಸಂತೆಗೆ."

"ಸಂತೆ ಆ ಕಡೆ ಅಲ್ವ್ರಾ?"

"ಇವತ್ತು ಈ ಕಡೆ" ಎಂದು ಮಾಲಂ ಹೆಜ್ಜೆ ಬಿರುಸು ಮಾಡಿದರು.